ಮಲಂಗ್ ಕಾಕಾ ಇಟ್ಟ ಐದನೆಯ ಕಲ್ಲು

ನಮ್ಮ ಓಣಿಯ ಹಾಜಿಮಲಂಗ್ ಕಾಕಾ ಶಹಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. ಫರಸಿ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಬೇಕು ಬೇಡ ಹೇಳುವಂಥವರು. ಎಷ್ಟೋ ಮನೆ ಕಟ್ಟಿದರೂ ಜನ ನೆನೆಯುವುದು ಅವರ ಒಂದು ದಿನವನ್ನು. ಅದನ್ನು ಕಾಕಾರಿಂದಲೂ, ಅಂದು ಅಲ್ಲಿ ಗಾರೆ ಹೊರುತ್ತಿದ್ದ ಮಾಳಮ್ಮನಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಹೊಂದಿದ್ದನ್ನಷ್ಟೇ ಬರೆಯುತ್ತೇನೆ.

೧೯೬೪ರಲ್ಲಿ ವಾಡಿ ರಸ್ತೆಯ ಬದಿಗೆ ಕಾರು ಜೋಡಿಸುವ ಕಾರ್ಖಾನೆ ಏಳುತ್ತಿತ್ತು. ಅಂಥ ಕಟ್ಟಡವನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಚಾವಣಿ ಗರಗಸದ ಹಲ್ಲಿನ ಹಾಗೆ ಏರಿಳಿಯಬೇಕು. ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಗಾಜು, ಅದೂ ಉತ್ತರಕ್ಕೆ ಮಾತ್ರ. ಬಿಸಿಲು ಬೀಳದೆ ಬೆಳಕಷ್ಟೇ ಒಳಗೆ ಬಂದರೆ ಕಾರಿನ ಬಣ್ಣದ ಮೇಲಿನ ಸಣ್ಣ ಗೀರೂ ಕಾಣುತ್ತದಂತೆ. ನಡುವೆ ಒಂದೂ ಕಂಬವಿಲ್ಲ. ಚಾವಣಿಯನ್ನು ಹೊರುವುದು ಮುಕ್ಕೋನದ ಕಬ್ಬಿಣದ ಕೈಂಚಿಗಳು. ಕೈಂಚಿಗಳನ್ನು ಹೊರುವುದು ಎರಡು ಬದಿಯ ಕಲ್ಲುಗಂಬಗಳು. ಪ್ರತಿ ಕಂಬದ ತಲೆಗೆ ಒಂದು ದಪ್ಪ ಕಲ್ಲು ಕೂರಿಸುವ ಕೆಲಸ ಕಾಕಾರದು.

ನಮ್ಮ ಕಲ್ಲು ನೆಲದೊಳಗೆ ಚಾಪೆಯ ಮೇಲೆ ಚಾಪೆ ಹಾಸಿದಂತೆ ಮಲಗಿರುತ್ತದೆ. ಭಾರ ಹೊರುವಾಗಲೂ ಹಾಗೆಯೇ ಮಲಗಬೇಕು. ನಿಲ್ಲಿಸಿದರೆ ಸಂದಿಗೆ ನೀರಿಳಿದು ಪದರ ಬಿಡುತ್ತದೆ. ಆದರೆ ಭಾರ ಬೀಳದ ಮನೆಯ ಮುಂಭಾಗಕ್ಕೆ ಮಾತ್ರ ಕಲ್ಲನ್ನು ನಿಲ್ಲಿಸಿ, ನುಣುಪು ಮುಖವನ್ನು ರಸ್ತೆಗೆ ತೋರಿಸುವುದು ಇಲ್ಲಿಯ ರೂಢಿ. ಐದನೆಯ ಕಂಬ ಹೆಬ್ಬಾಗಿಲ ಪಕ್ಕದ್ದು. ಚಂದ ಕಾಣಲೆಂದು ಕಾಕಾ ಆ ಒಂದು ಕಲ್ಲನ್ನು ಕೈಯ ರೂಢಿಯಲ್ಲೇ ನಿಲ್ಲಿಸಿ ಕೂರಿಸಿಬಿಟ್ಟಿದ್ದರು.

ಕೈಂಚಿ ಏರಿಸುವ ದಿನ ನಾಲ್ಕು ಸರಿಯಾಗಿ ಕುಳಿತವು. ಐದನೆಯದು ಸರಪಳಿಯಲ್ಲಿ ತೂಗುತ್ತಿತ್ತು. ಕಾಕಾ ಅಟ್ಟಣಿಗೆಯ ಮೇಲೆ ನಿಂತು ಕಲ್ಲಿಗೆ ನೀರು ಹಾಕಿ ಸುಣ್ಣ ತೊಳೆದರು.

“ಯಣ್ಣಾ, ಕಲ್ಲಿಗಿ ಜಳಕ ಆತಲ್ಲ, ಇನ್ನ ಕೂಸಿಗಿ ಹೊಲಿಸಿದಂಗ ಕುಂಚಿಗಿ ಹೊಲಿಸ್ತೀಯೇನು?” ಎಂದು ಕೆಳಗಿನಿಂದ ಮಾಳಮ್ಮ ಕೂಗಿದಳು. ಗಾರೆಯ ಹೆಂಗಸರೆಲ್ಲ ನಕ್ಕರು.

ಕಾಕಾ ನಗಲಿಲ್ಲ. ಅಷ್ಟರಲ್ಲಿ ಬಿಸಿಲಿಗೆ ಕಲ್ಲು ಒಣಗಿತ್ತು, ಒಂದು ಗೆರೆ ಮಾತ್ರ ಒಣಗಿರಲಿಲ್ಲ. ಒಣಗದ ಗೆರೆಯೆಂದರೆ ನೀರು ಕುಡಿದ ಬಿರುಕು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಕೆಳಗೆ ಮಾಳಮ್ಮನಿದ್ದಾಳೆ. ಸರಪಳಿ ಕಟಕಟ ಎಂದು ಇಳಿಯುತ್ತಿತ್ತು.

“ನಿಲ್ಲಸ್ರಿ! ಮಾಳಮ್ಮಾ, ಎಲ್ಲಾರ್ನೂ ಕರ್ಕೊಂಡು ಆಕಡಿ ಓಡು!”

“ಹನ್ನೆರಡು ಮಂದಿ ಸರಪಳಿ ಹಿಡ್ದು ನಿಂತಾರ. ನಿನಗೀಗ ಚಾದ ನೆನಪಾತೇನೋ?” ಎಂದು ಕೂಲಿಯಾಳುಗಳ ಮೇಲ್ವಿಚಾರಕ, ಮುಕದ್ದಮ ಅಂಬರಾಯ ಬೈಯುತ್ತ ಅಟ್ಟಣಿಗೆ ಹತ್ತಿದ. ಗೆರೆ ನೋಡಿ ಸರಪಳಿಯವರಿಗೆ ತಡೆಯಲು ಕೈ ತೋರಿಸಿದ. ಕೈಂಚಿ ಕಲ್ಲಿನಿಂದ ಒಂದು ಗೇಣು ಮೇಲೆ ನಿಂತಿತ್ತು.

ಕಾರ್ಖಾನೆಯ ಇಂಜಿನಿಯರ್ ಹತ್ತಿ ಬರುವುದನ್ನು ಕಂಡು ಅಂಬರಾಯ ಪಿಸುಗುಟ್ಟಿದ: “ಖಣಿಯವ್ರು ಕೆಟ್ಟ ಕಲ್ಲು ಕಳಿಸ್ಯಾರ ಅನ್ನು. ಉಳಕೋತಿ.”

“ಇದನ್ನು ಇಟ್ಟವರು ಯಾರು?” ಎಂದು ಇಂಜಿನಿಯರ್ ಕೇಳಿದರು.

“ನಾನೇರಿ ಸಾಹೇಬ್ರ. ಕಲ್ಲು ಛಲೋ ಅದ. ಮಲಗಿಸೋದು ಬಿಟ್ಟು ನಿಲ್ಲಿಸೀನಿ.”

ಕೈಂಚಿಯನ್ನು ಬದಿಗೆ ಸರಿಸಿ ಕಲ್ಲನ್ನು ಕೆಳಗಿಳಿಸಿದರು. ನೆಲಕ್ಕೆ ಮುಟ್ಟುವ ಮುಂಚೆಯೇ ಅದು ಹೋಳಿಗೆಯ ಪದರದಂತೆ ಎರಡಾಗಿ ಬಿಚ್ಚಿಕೊಂಡಿತು.

“ಇನ್ನು ಮೇಲೆ ನೀನು ಗೋಡೆ ಹತ್ತಬೇಡ” ಎಂದರು ಇಂಜಿನಿಯರ್. “ನೆಲಕ್ಕೆ ಫರಸಿ ಹಾಸು.”

ಹೊಸ ಕಲ್ಲನ್ನು ಬೇರೆ ಗೌಂಡಿ ಮಲಗಿಸಿ ಕೂರಿಸಿದ. ಅದಕ್ಕೂ ನೀರು ಹಾಕಿಸಬೇಕೆಂದು ಕಾಕಾ ಕೆಳಗಿನಿಂದ ಬೇಡಿಕೊಂಡರು. ಹಾಕಿದರು. ಎಲ್ಲರೂ ಕಾದರು. ಕಲ್ಲು ಪೂರ್ತಿ ಒಣಗಿತು. ಸರಪಳಿ ಮತ್ತೆ ಕಟಕಟ ಎಂದಾಗ ಕಾಕಾ ಹೋಗಿ ಮಾಳಮ್ಮ ನಿಂತಿದ್ದ ಜಾಗದಲ್ಲೇ ನಿಂತು ಮೇಲೆ ನೋಡಿದರು.

“ಆಕಡಿ ಸರಿಯೋ ಯಣ್ಣಾ!” ಎಂದಳು ಮಾಳಮ್ಮ. ಅವರು ಸರಿಯಲಿಲ್ಲ. ಕೈಂಚಿ ಕುಳಿತಿತು. ಕಲ್ಲು ತಡೆಯಿತು.

ಮರುದಿನದಿಂದ ಕಾಕಾ ಆ ಕಟ್ಟಡದ ನೆಲ ಹಾಸಿದರು. ಒಂದೊಂದು ಫರಸಿಗೂ ನೀರು ಹಾಕಿ, ಒಣಗುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಆಮೇಲೆ ಎಷ್ಟು ಮಂದಿ ಕರೆದರೂ ಅವರು ಮತ್ತೆ ಗೋಡೆ ಹತ್ತಲಿಲ್ಲ.