ಬಾಣಲೆಯತ್ತೆ

ನಮ್ಮ ಸೋದರತ್ತೆಗೆ ಬಾಣಲೆಯತ್ತೆ ಎಂದು ಹೆಸರಿಟ್ಟವನು ನಾನೇ. ಅವಳು ಛಾಪಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಅಲ್ಲಿನ ಪಾತ್ರೆಗಳು ಯಾರ ಕೈಗೆ ಸಿಕ್ಕಿದರೂ ಅವಳಿಗೇನಿಲ್ಲ. ಮನೆಯ ಬೀಡುಕಬ್ಬಿಣದ ಬಾಣಲೆಯನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಸೋಪು ತಾಕಿಸುವಂತಿಲ್ಲ, ನೀರಲ್ಲಿ ನೆನೆಹಾಕುವಂತಿಲ್ಲ. ಬಿಸಿಯಿರುವಾಗಲೇ ಉಪ್ಪು ಹಾಕಿ ಉಜ್ಜಿ, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಗೂಟಕ್ಕೆ ಹಾಕಬೇಕು. ಅದರ ಕಪ್ಪು ಒಳಮೈಯಲ್ಲಿ ಮೊಟ್ಟೆ ತಾನಾಗಿ ಜಾರುತ್ತಿತ್ತು. "ಮಗಳ ತಲೆಗೂ ಇಷ್ಟು ಎಣ್ಣೆ ಹಚ್ಚಿಲ್ಲ ಇವಳು," ಎಂದು ಮಾವ ನಗುತ್ತಿದ್ದರು.

ಒಮ್ಮೆ ಅತ್ತೆ ಜ್ವರದಲ್ಲಿ ಮಲಗಿದ್ದಳು. ಶಾಲೆಯಿಂದ ಬಂದ ಮಗಳು, ಅಮ್ಮನ ಬಾಯಿಗೆ ಏನಾದರೂ ಹುಳಿಯಾಗಿ ಬೇಕು ಎಂದುಕೊಂಡು, ಟೊಮೆಟೊ ಹೆಚ್ಚಿ ಆ ಬಾಣಲೆಯಲ್ಲೇ ಸಾರಿಗೆ ಬೇಯಲು ಇಟ್ಟಳು. ಹುಳಿಗೂ ಬೀಡುಕಬ್ಬಿಣಕ್ಕೂ ಎಣ್ಣೆ ಸೀಗೇಕಾಯಿ. ಬಹಳ ಹೊತ್ತು ಬೆಂದು ಒಳಗಿನ ಕಪ್ಪು ಪದರ ಎದ್ದು ಬಂತು. ಮಗಳು ಬಟ್ಟಲು ಹಿಡಿದು ಬಂದಾಗ ಅತ್ತೆ ನೋಡಿದ್ದು ಅದರಲ್ಲಿ ತೇಲುತ್ತಿದ್ದ ಕಪ್ಪು ಚೂರುಗಳನ್ನು, ಮಗಳ ಮುಖವನ್ನಲ್ಲ.

"ಬಾಣಲೆ ಹಾಳು ಮಾಡಿದ್ಯಲ್ಲ. ನಿನ್ನ ಕೈಗೆ ಅದು ಆಗಿಬರಲ್ಲ, ಇನ್ಮೇಲೆ ಮುಟ್ಟಬೇಡ," ಎಂದವಳೇ ಎದ್ದು ಹೋಗಿ ಬಟ್ಟಲನ್ನು ಬಚ್ಚಲಿಗೆ ಸುರಿದಳು.

ಕಾದು ಕಾದು, ಎಣ್ಣೆ ಕುಡಿದು, ಬಾಣಲೆ ಮತ್ತೆ ಕಪ್ಪಾಯಿತು. ಮಗಳು ಮಾತ್ರ ಅಮ್ಮನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಅಡುಗೆ ಕಲಿತದ್ದೂ ಮದುವೆಯಾದ ಮೇಲೆ, ಗಂಡನ ಮನೆಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಗಾದೆ ಹೇಳುತ್ತಿದ್ದವಳು ನಮ್ಮತ್ತೆ. ನನಗೆ ಅವಳ ಮೇಲೆ ಸಿಟ್ಟೂ ಇದೆ, ಅವಳನ್ನು ಕಂಡರೆ ಅಯ್ಯೋ ಅನ್ನಿಸುವುದೂ ಇದೆ.

ಈಗ ಅವಳ ಮಣಿಕಟ್ಟಿನಲ್ಲಿ ಬಾಣಲೆ ಎತ್ತುವ ಶಕ್ತಿಯಿಲ್ಲ. ಹೋದ ವಾರ ಮಗಳು ಬಂದಾಗ ಅತ್ತೆ ನನ್ನ ಕೈಲಿ ಅದನ್ನು ಇಳಿಸಿ, ಹಳೇ ಬಟ್ಟೆಯಲ್ಲಿ ಸುತ್ತಿಸಿ ಅವಳ ಮುಂದಿಡಿಸಿದಳು.

"ತಗೊಂಡು ಹೋಗೇ. ನಿನಗಲ್ದೆ ಇನ್ಯಾರಿಗೆ ಕೊಡ್ಲಿ?"

ಮಗಳ ದನಿಯಲ್ಲಿ ಕೋಪವಿರಲಿಲ್ಲ. "ಬೇಡಮ್ಮ. ನನ್ನ ಕೈಗೆ ಅದು ಆಗಿಬರಲ್ಲ," ಎಂದು, ಚಹಾ ಕುಡಿದ ಲೋಟ ತೊಳೆದಿಟ್ಟು ಹೊರಟಳು.

ಬಾಣಲೆಯನ್ನು ನಾನೇ ಮತ್ತೆ ಗೂಟಕ್ಕೆ ಹಾಕಿದೆ. ಒಲೆ ಕಾಣದೆ ಬರೀ ಎಣ್ಣೆ ಬಳಿಸಿಕೊಂಡು ಅದು ಈಗ ಕೈಗೆ ಅಂಟುತ್ತದೆ. ಅತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಅವತ್ತು ಒಂದು ಗುಟುಕು ಕುಡೀಬಹುದಿತ್ತು ಕಣೋ," ಎಂದಳು. "ಉಪ್ಪು ಹಾಕಿದ್ಲೋ ಇಲ್ವೋ, ಅದೂ ನಂಗೆ ಗೊತ್ತಿಲ್ಲ."