ಸೆಟ್ಟಿನ ಹದಿನೇಳನೇ ಚೀಟಿ

ನಿಘಂಟು ಕಚೇರಿಯಲ್ಲಿ ಅವಳಿಗೆ ಚೀಟಿಯಕ್ಕ ಎಂದೇ ಹೆಸರು. ಜನ ಆಡುವ ಇಂಗ್ಲಿಷ್ ಮಾತುಗಳನ್ನು ಅಂಗಡಿ, ಗ್ಯಾರೇಜು ಸುತ್ತಿ ಕೇಳಿಬಂದು, ಅರ್ಥಕ್ಕೊಂದು ಚೀಟಿ ಬರೆಯುವುದು ಅವಳ ಕೆಲಸ. ಈ ತಿಂಗಳು ‘ಸೆಟ್’ ಅವಳ ತಲೆ ತಿಂದುಬಿಟ್ಟಿತ್ತು. ನೋಡಿದರೆ ಒಂದೂವರೆ ಅಕ್ಷರ, ಕೈಹಾಕಿದರೆ ಮುಗಿಯುವ ಮಾತೇ ಅಲ್ಲ. ಕಪ್ಪು-ಸಾಸರಿನದೂ ಸೆಟ್ಟೇ, ಕಾಂಕ್ರೀಟು ಗಟ್ಟಿಯಾದರೂ ಸೆಟ್ಟೇ, ನಾಟಕದವರು ಕಟ್ಟುವ ಅರಮನೆಯೂ ಸೆಟ್ಟೇ. ಇನ್ನು ಅತ್ತೆ ಸೊಸೆಗೆ ಸೆಟ್ಟಾಗದ ಮನೆಗಳಿಗಂತೂ ಬರವಿಲ್ಲ.

ಹದಿನಾರು ಚೀಟಿ ಆಗಿತ್ತು. ಹದಿನೇಳನೆಯದು ಅಪ್ಪನದು. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸುವುದಕ್ಕೂ ಸೆಟ್ ಅಂತಲೇ ಹೆಸರು. ನಲವತ್ತು ವರ್ಷ ಅಪ್ಪ ಮಾಡಿದ್ದು ಅದನ್ನೇ. ಆದರೆ ಕಸುಬಿನವರ ಬಾಯಿಂದಲೇ ಸಂಪಾದಕರು ಕಿವಿಯಾರೆ ಕೇಳದ ಹೊರತು ಕಸುಬಿನ ಯಾವ ಅರ್ಥವೂ ಪುಸ್ತಕಕ್ಕೆ ಬರುವಂತಿರಲಿಲ್ಲ. ಈಗ ಗರಗಸ ಮೊಂಡಾದರೆ ಬಿಸಾಡುವ ಕಾಲ, ಆ ಕಸುಬಿನವರು ಬೇರೆ ಯಾರೂ ಉಳಿದಿರಲಿಲ್ಲ. ಅಪ್ಪನಿಗೋ ಲಕ್ವ ಹೊಡೆದು ಎರಡು ವರ್ಷ. ಅಂದಿನಿಂದ ಒಂದು ಮಾತೂ ಆಡಿರಲಿಲ್ಲ.

ಅಂದು ಸಂಜೆ ಆ ಪುಟ ಅಚ್ಚಿಗೆ ಹೋಗಬೇಕಿತ್ತು. ಬೆಳಿಗ್ಗೆಯೇ ಅವಳು ಸಂಪಾದಕರನ್ನು ಬಿಡದೆ ಮನೆಗೆ ಕರೆತಂದಳು.

ಅಪ್ಪನ ಎಡಗೈ ಮಾತ್ರ ಆಡುತ್ತಿತ್ತು. ಅವಳು ಗರಗಸವನ್ನು ಮೇಜಿಗೆ ಬಿಗಿದು, ಇಕ್ಕಳದಂಥ ಉಪಕರಣ ಕೊಟ್ಟಳು. ಅಪ್ಪ ನಿಧಾನವಾಗಿ ಹಲ್ಲು ಬಾಗಿಸಿದ. ಎಡಕ್ಕೊಂದು, ಬಲಕ್ಕೊಂದು.

“ಕೆಲಸ ಕಣ್ಣಾರೆ ಕಂಡೆ, ಆದ್ರೆ ಮಾತು ಕೇಳ್ಬೇಕಲ್ಲಮ್ಮ,” ಎಂದರು ಸಂಪಾದಕರು.

“ನಾನು ಹುಟ್ಟಿದಾಗಿಂದ ಕೇಳಿದೀನಲ್ಲ ಸಾರ್.”

“ನೀವು ಕಚೇರಿಯವರು, ಕಸುಬಿನವರಲ್ಲ. ನಿಮ್ಮ ಸಾಕ್ಷಿ ನಡೆಯಲ್ಲ.”

ಅವಳಿಗೆ ಉರಿದುಹೋಯಿತು. ಈ ಮನುಷ್ಯನ ನಿಯಮಕ್ಕೆ ಬೆಂಕಿ ಬೀಳ ಎಂದುಕೊಂಡಳು. ಅಷ್ಟರಲ್ಲಿ ಸಂಪಾದಕರಿಗೆ ಕೈ ಕಡಿಯಿತೋ ಏನೋ, “ನಾನೂ ಒಂದು ಹಲ್ಲು ನೋಡ್ಲಾ ಯಜಮಾನ್ರೇ?” ಎಂದು ಉಪಕರಣ ಎತ್ತಿಕೊಂಡರು. ಕನ್ನಡಕ ಮೂಗಿಗೇರಿಸಿ, ಬಲಕ್ಕೆ ಬಾಗಿದ ಹಲ್ಲಿನ ಪಕ್ಕದ್ದನ್ನೂ ಬಲಕ್ಕೇ ಒತ್ತಿದರು. ಸಾಲದ್ದಕ್ಕೆ ಅದರಾಚೆಯದಕ್ಕೂ ಕೈ ಹಾಕಿದರು.

ಅಪ್ಪನ ಮುಖ ಕೆಂಪಾಯಿತು. ಕುತ್ತಿಗೆಯ ನರ ಉಬ್ಬಿತು. ಎಡಗೈ ಮೇಜಿನ ಮೇಲೆ ಪಟಾರನೆ ಬಿತ್ತು.

“ಸೆಟ್ಟು... ಕೆಟ್ಟೋಯ್ತಲ್ಲೋ ಪೆದ್ದ.”

ಮೂರು ಪದವಿ ಪಡೆದ ಸಂಪಾದಕರ ಮುಖ ಅರಳಿತು. ಜೇಬು ತಡಕಿ ಚೀಟಿ ತೆಗೆದು, ಪೆದ್ದ ಎಂಬುದನ್ನೂ ಬಿಡದೆ, ಗಡಿಬಿಡಿಯಲ್ಲಿ ಬರೆದುಕೊಂಡರು. “ಬಂತಮ್ಮ, ಹದಿನೇಳನೇದು ಬಂತು,” ಎಂದು ಅವಳತ್ತ ಚಾಚಿದರು.

ಅವಳು ಚೀಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಪ್ಪನ ಮುಂದೆ ಮಂಡಿಯೂರಿ ಕೂತು, ಅವನ ಗಲ್ಲ ಹಿಡಿದುಕೊಂಡಿದ್ದಳು.

“ಇನ್ನೊಂದ್ಸಲ ಬೈಯಪ್ಪ,” ಎಂದಳು. “ನನ್ನ ಬೈಯಿ.”