ಯಮನಪ್ಪ ಕಾಕಾನ ಕೆಂಪು ತ್ಯಾಪಿ

ನವನಗರದ ಟೇಲರ್ ಯಮನಪ್ಪ ಕಾಕಾನ ಕಣ್ಣಿಗೆ ಹರಿದ ಅರಿವಿ ಬಿತ್ತಂದ್ರ ಅದನ್ನ ಹೊಲಿಯೂತನಕ ಚಹಾ ಸುದ್ದಾ ಕುಡಿಯಾಂವಲ್ಲ. "ನಿಮ್ಮಪ್ಪನ ಬೆಲ್‌ಬಾಟಮ್ ಒಂದರಾಗ ನಿನ್ನಂಥಾ ಮೂರು ಮಂದಿ ಹಿಡೀತಿದ್ರೋ ತಮ್ಮಾ" ಅಂತ ಬಿಗಿ ಪ್ಯಾಂಟ್ ಹಾಕ್ಕೊಂಡ ಕಾಲೇಜು ಹುಡುಗೂರನ್ನ ಕಾಡ್ತಾನ. ಅಂವ ಹಾಕಿದ ತ್ಯಾಪಿ ಎಲ್ಲೈತಿ ಅಂತ ಹುಡುಕಿ ತೋರಿಸಾಂವ ಇನ್ನೂ ಹುಟ್ಟಬೇಕು. ಎರಡು ಸಾವಿರದ ಎಂಟರಾಗ, ಪಿಯುಸಿ ಓದೂ ಮಾಯಾ ಉದ್ದ ಕಡಿಮಿ ಮಾಡ್ರಿ ಅಂತ ಹೊಸಾ ಜೀನ್ಸ್ ಕೊಟ್ಟು ಹೋದ್ಲು. ಮೊಣಕಾಲಿನ್ಯಾಗ ಫ್ಯಾಷನ್ನಿಗಂತ ಹರಿದಿದ್ದನ್ನ ನೋಡಿ, "ಪಾಪ, ಅಂಗಡ್ಯಾಂವ ಕೂಸಿಗೆ ಮೋಸ ಮಾಡ್ಯಾನ" ಅಂತ ಮರುಗಿ ಕಾಕಾ ಅದನ್ನೂ ಹೊಲಿದು ಮುಚ್ಚಿಬಿಟ್ಟ! ಮಾಯಾ ಮೊದಲು ಕಣ್ಣಾಗ ನೀರು ತಂದ್ಲು, ಆಮ್ಯಾಲ ಹೊಲಿದ ಜಾಗಾದ ಮ್ಯಾಲ ಬಟ್ಟು ಆಡಿಸಿ ಬೆರಗಾದ್ಲು. "ಕಾಕಾ, ಇಷ್ಟು ಛಂದ ಹೊಲದೀರಿ, ಕೆಂಪು ಬಟ್ಟಿ ಇಟ್ಟು ಎಲ್ಲಾರಿಗೂ ಕಾಣೂಹಂಗ ತ್ಯಾಪಿ ಹಾಕ್ರಿ" ಅಂದ್ಲು. ಕಾಕಾನ ಕೈ ತನ್ನ ಹೆಗಲಿಗೆ ಹೋತು. ಸಣ್ಣಾಂವಿದ್ದಾಗ ಅವನ ಅಂಗಿ ಹೆಗಲಿನ ತ್ಯಾಪಿ ನೋಡಿ ಸಾಲಿ ಹುಡುಗೂರೆಲ್ಲಾ ನಕ್ಕಿದ್ರು. ಕಾಣದಂಗ ಹೊಲಿಯೂದು ಅಂವ ಕಲಿತದ್ದು ಆ ನಗಿಗೆ ಅಂಜಿ. ಆದ್ರೂ ಮಾಯಾನ ಜೀನ್ಸಿಗೆ ಕೆಂಪು ತ್ಯಾಪಿ ಹಾಕಿಕೊಟ್ಟ. ಮರುವಾರ ಕೆಂಪು ತ್ಯಾಪಿ ಬೇಕಂತ ಅಂಗಡಿ ಮುಂದ ಹನ್ನೊಂದು ಹುಡುಗ್ಯಾರ ಪಾಳಿ. ಒಳಗ ಎದಿ ಸೆಟಿಸಿ ಕುಂತ ಕಾಕಾನ ಹೊಸಾ ಅಂಗಿಯ ಹೆಗಲ ಮ್ಯಾಲೂ ಒಂದು ಕೆಂಪು ತ್ಯಾಪಿ.